ಹಳೇ ಮಾರುತಿ ಝೆನ್, ಎಸ್ಟೀಮ್‌ಗೆ ಪಿಸಿವಿ ವಾಲ್ವ್: ಲೋಕಲ್ ಸಾಕೇ, ಕಂಪನಿಯದೇ ಬೇಕೇ?

ಪಿಸಿವಿ ವಾಲ್ವ್ ಅಂದರೆ ಎಂಜಿನ್ನಿನ ತಳಕ್ಕೆ ಇಳಿದು ಸೇರುವ ಗ್ಯಾಸಿಗೆ ಹೊರದಾರಿ ಕೊಡುವ, ಹೆಬ್ಬೆರಳು ಗಾತ್ರದ ಸಾಮಾನು. ಒಳಗೊಂದು ಸ್ಪ್ರಿಂಗು, ಹಿಂದೆ ಮುಂದೆ ಸರಿಯುವ ಒಂದು ಪ್ಲಂಜರು, ಅಷ್ಟೇ. ಟ್ಯಾಪೆಟ್ ಕವರಿನಿಂದ (ಎಂಜಿನ್ನಿನ ಮೇಲುಮುಚ್ಚಳದಿಂದ) ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗೆ) ಹೋಗುವ ದಾರಿಯಲ್ಲಿ ಕೂತಿರುವ ಇದನ್ನು ಮಾಮೂಲಿ ಸರ್ವಿಸಿನಲ್ಲಿ ಬಿಚ್ಚಿ ನೋಡುವವರು ಕಡಿಮೆ. ಆಯಿಲ್ ಸೋರಿದರೆ ಕವರ್ ಪ್ಯಾಕಿಂಗ್ ಬದಲಿಸಿ ಕಳಿಸುತ್ತಾರೆ. ಎರಡು ತಿಂಗಳಿಗೆ ಮತ್ತೆ ಸೋರಿಕೆ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಗ್ಯಾಸಿಗೆ ಹೊರದಾರಿ ಕಟ್ಟಿದರೆ ಪ್ಯಾಕಿಂಗು, ಕ್ರ್ಯಾಂಕ್ ಆಯಿಲ್ ಸೀಲು, ಡಿಪ್‌ಸ್ಟಿಕ್, ಎಲ್ಲಿ ಸಂದು ಸಿಕ್ಕಿತೋ ಅಲ್ಲಿಂದ ಆಯಿಲನ್ನು ನೂಕುತ್ತದೆ. ಏರ್ ಫಿಲ್ಟರಿನ ಒಂದು ಮೂಲೆ ಆಯಿಲಿನಲ್ಲಿ ನೆಂದಿದ್ದರೂ ಅನುಮಾನ ಇದರ ಮೇಲೇ ಇರಲಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಅಂಗಡಿಗಳ ಕಡೆ ಕಂಪನಿ ಪ್ಯಾಕಿನದೂ ಸಿಗುತ್ತದೆ, ಹೆಸರಿಲ್ಲದ ಲೋಕಲ್ಲೂ ಸಿಗುತ್ತದೆ. ನೋಡಲು ಎರಡೂ ಅವಳಿಜವಳಿ. ವ್ಯತ್ಯಾಸ ಇರುವುದು ಸ್ಪ್ರಿಂಗಿನಲ್ಲಿ. ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಮ್ಯಾನಿಫೋಲ್ಡಿನ ಎಳೆತ ಜೋರಾಗಿರುತ್ತದೆ, ಆಗ ಪ್ಲಂಜರ್ ಸರಿದು ದಾರಿಯನ್ನು ಕಿರಿದು ಮಾಡಬೇಕು. ಆಕ್ಸಿಲರೇಟರ್ ಒತ್ತಿದಾಗ ಎಳೆತ ಇಳಿಯುತ್ತದೆ, ಸ್ಪ್ರಿಂಗ್ ದಾರಿ ಅಗಲಿಸುತ್ತದೆ. ಸ್ಪ್ರಿಂಗಿನ ಬಿಗಿ ಲೆಕ್ಕ ತಪ್ಪಿದರೆ ಐಡ್ಲಿಂಗಿನಲ್ಲೂ ಗಾಳಿ ನುಗ್ಗಿ ಆರ್‌ಪಿಎಂ ಏರುತ್ತದೆ, ಇಲ್ಲವೇ ಎಂಜಿನ್ ನಡುಗುತ್ತದೆ. ಆಮೇಲೆ ಥ್ರಾಟಲ್ ಸ್ಕ್ರೂ ತಿರುಗಿಸುತ್ತಾ ಕೂತರೆ ಏನೂ ಸಿಗುವುದಿಲ್ಲ. ಬೆಲೆಯ ಅಂತರಕ್ಕೆ ಈ ತಲೆನೋವು ಬೇಡ, ಕಂಪನಿಯದೇ ತಗೊಳ್ಳಿ. ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ ಇರುವುದರಿಂದ ಹಳೆಯದನ್ನು ಜೊತೆಗೆ ಒಯ್ಯಿರಿ.

ಕೌಂಟರಿನಲ್ಲೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಟಿಕ್ ಟಿಕ್ ಎಂದು ಸ್ಪಷ್ಟವಾಗಿ ಕೇಳಬೇಕು. ಹಳೆಯದು ಮೂಕವಾಗಿದ್ದರೆ ಅಂಟಿಕೊಂಡಿದೆ ಎಂದರ್ಥ. ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ) ಹೊಡೆದರೆ ಮಸಿ ಹೋಗಿ ಶಬ್ದ ಮರಳಬಹುದು, ಸೊರಗಿದ ಸ್ಪ್ರಿಂಗ್ ಮರಳುವುದಿಲ್ಲ. ಗಾಡಿಯಲ್ಲಿ ನೋಡುವುದಾದರೆ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಟ್ಯಾಪೆಟ್ ಕವರಿನ ಕಡೆಯ ತುದಿ ಬಿಚ್ಚಿ ವಾಲ್ವಿನ ಬಾಯಿಗೆ ಬೆರಳಿಡಿ. ಬೆರಳು ಹೀರಿಕೊಂಡಂತಾಗಬೇಕು.

ಹೆಚ್ಚಿನವರು ಎಡವುವುದು ವಾಲ್ವಿಗೆ ಸೇರುವ ರಬ್ಬರ್ ಪೈಪಿನಲ್ಲಿ. ಹೊಸ ವಾಲ್ವ್ ಹಾಕಿ ಹಳೇ ಪೈಪನ್ನೇ ಸಿಕ್ಕಿಸಿಬಿಡುತ್ತಾರೆ. ಬಿಸಿಗೆ ಕಲ್ಲಾದ ರಬ್ಬರು ಬಾಗುವ ಜಾಗದಲ್ಲಿ, ಅದೂ ಕಣ್ಣಿಗೆ ಬೀಳದ ಕೆಳಮೈಯಲ್ಲಿ, ಕೂದಲೆಳೆಯಂತೆ ಸೀಳಿರುತ್ತದೆ. ಬಗ್ಗಿಸಿ ನೋಡಿದರೆ ಬಾಯಿ ಬಿಡುತ್ತದೆ. ಬದಲಿಗೆ ನೀರಿನ ಪೈಪ್ ತುಂಡು ಹಾಕಬೇಡಿ. ಆಯಿಲ್ ಆವಿಗೆ ಅದು ಮೆತ್ತಗಾಗಿ ಉಬ್ಬಿ, ಎಳೆತಕ್ಕೆ ಒಳಗೇ ಕುಸಿಯುತ್ತದೆ. ಆಯಿಲ್ ತಾಳುವ ನೈಟ್ರೈಲ್ ರಬ್ಬರಿನದು, ಮೊದಲೇ ಬಾಗಿಸಿ ಅಚ್ಚು ಹಾಕಿದ್ದು ಸಿಕ್ಕರೆ ಉತ್ತಮ. ಮ್ಯಾನಿಫೋಲ್ಡ್ ಮೆತ್ತನೆಯ ಅಲ್ಯೂಮಿನಿಯಂನದು, ವಾಲ್ವನ್ನು ಬಿಗಿ ಮಾಡುವಾಗ ಕೈ ಹಗುರವಿರಲಿ.

20,000 ಕಿ.ಮೀ.ಗೊಮ್ಮೆ ಅಲ್ಲಾಡಿಸಿ ನೋಡುವುದು, 40,000ಕ್ಕೆ ಬದಲಿಸುವುದು ನಮ್ಮ ಲೆಕ್ಕ. ದಿನಾ ಎರಡು ಕಿ.ಮೀ. ಓಡಿ ನಿಲ್ಲುವ ಗಾಡಿಗೆ ಇನ್ನೂ ಬೇಗ, ಏಕೆಂದರೆ ಬಿಸಿಯೇರದ ಎಂಜಿನ್ನಿನಲ್ಲಿ ನೀರಿನಂಶ ಉಳಿದು ಆಯಿಲ್ ಮುಚ್ಚಳದಡಿ ಬೆಣ್ಣೆಯಂತೆ ಕೂರುತ್ತದೆ. ಹೊಸ ವಾಲ್ವ್, ಹೊಸ ಪೈಪ್ ಹಾಕಿದ ಮೇಲೂ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುತ್ತಿದ್ದರೆ ರಿಂಗ್ ಸವೆದಿದೆ. ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಅದಕ್ಕೆ ಈ ವಾಲ್ವ್ ಮದ್ದಲ್ಲ.