ಪಿನ್ ಬಲ್ಬಾ, ತಿರುಪಿನ ಬಲ್ಬಾ? ಎರಡು ಮಳೆಗಾಲ ಎರಡೂ ಹಾಕಿ ನೋಡಿದ್ದು

ಬದಿಯಡ್ಕ ಹತ್ರ ನಮ್ಮ ಹಳೆ ಮನೆಯಲ್ಲಿ ಮೊದಲಿಂದ್ಲೂ ಪಿನ್ ಹೋಲ್ಡರೇ, ಅಂದ್ರೆ ಬಿ22, ಒತ್ತಿ ಸ್ವಲ್ಪ ತಿರುಗಿಸಿದ್ರೆ ಕೂತ್ಕೊಳ್ಳುವ ಟೈಪು. ಭಾವ ದುಬೈಯಿಂದ ಬರುವಾಗ ಚಾವಡಿಗೆ ಅಂತ ಒಂದು ಫ್ಯಾನ್ಸಿ ಲೈಟ್ ತಂದ್ರು, ಅದ್ರಲ್ಲಿ ಎಲ್ಲ ತಿರುಪಿನ ಹೋಲ್ಡರು, ನಡುವೆ ಒಂದು ಇ27, ಸುತ್ತ ಸಪೂರದ ಇ14 ಐದು. ಇ ಅಂದ್ರೆ ಎಡಿಸನ್, ನಂಬರು ತಿರುಪಿನ ಅಗಲ, ಮಿಲಿಮೀಟರ್ ಲೆಕ್ಕ. ಅದು ಚಂದ ಕಂಡು ಜಗಲಿಗೂ ಪಂಪ್ ಶೆಡ್ಡಿಗೂ ಇ27 ಹಾಕ್ಸಿದೆ.

ಪಂಪ್ ಶೆಡ್ಡಿಗೆ ಅದು ಬೇಡವೇ ಬೇಡ. ಮೋಟರ್ ನಡುಗುವ ನಡುಕಕ್ಕೆ ಬಲ್ಬು ದಿನಾ ಚೂರು ಚೂರೇ ಸಡಿಲ ಆಗಿ ಮಿಣುಕ್ಲಿಕ್ಕೆ ಶುರು, ನಾನು ಬಲ ಹಾಕಿ ಬಿಗಿದೆ, ಮರುದಿನ ಉರಿಯುದೇ ಇಲ್ಲ. ಮೈನ್ ಆಫ್ ಮಾಡಿ ಟಾರ್ಚ್ ಹಿಡಿದು ನೋಡಿದ್ರೆ ಹೋಲ್ಡರ್ ತಳದ ಹಿತ್ತಾಳೆ ನಾಲಗೆ ಚಪ್ಪಟೆ ಮಲಗಿದೆ, ಬಲ್ಬಿನ ತುದಿ ಅದಕ್ಕೆ ತಾಗುದೇ ಇಲ್ಲ! ನಾಲಗೆ ಮೆಲ್ಲ ಎಬ್ಬಿಸಿದ್ಮೇಲೆ ಉರಿಯಿತು, ಆದ್ರೂ ಅಲ್ಲಿಗೆ ವಾಪಸ್ ಪಿನ್ನೇ ಹಾಕಿದೆ, ಸ್ಪ್ರಿಂಗ್ ಒತ್ತಿ ಹಿಡಿತದಲ್ಲ, ಅಲುಗುದಿಲ್ಲ.

ಜಗಲಿಯಲ್ಲಿ ಮಾತ್ರ ಇ27 ಗೆದ್ದಿತು. ರಾತ್ರಿ ಅಡಿಕೆ ಸುಲಿಲಿಕ್ಕೆ ಅಂತ 40 ವಾಟಿನ ದೊಡ್ಡ ಎಲ್ಇಡಿ ಉಂಟು, ಪಿನ್ ಹೋಲ್ಡರಲ್ಲಿ ಅದರ ಭಾರವೆಲ್ಲ ಎರಡು ಸಣ್ಣ ಪಿನ್ನಿನ ಮೇಲೆ, ಸ್ಪ್ರಿಂಗ್ ಸೋತು ಬಲ್ಬಿನ ಅಡಿಯ ಸೀಸದ ಚುಕ್ಕಿ ಕರಟಿ ಹೊಂಡ ಬಿದ್ದಿತ್ತು. ತಿರುಪು ಸುತ್ತಲೂ ಹಿಡ್ಕೊಳ್ತದೆ.

ಆದ್ರೆ ಒಂದು ವಿಷಯ ದಯವಿಟ್ಟು ನೋಡಿ. ಇ27ರಲ್ಲಿ ಲೈನ್, ಅಂದ್ರೆ ಕರೆಂಟ್ ಬರುವ ವಯರು, ತಳದ ನಾಲಗೆಗೆ ಹೋಗ್ಬೇಕು, ನ್ಯೂಟ್ರಲ್, ಅಂದ್ರೆ ವಾಪಸ್ ಹೋಗುವ ವಯರು, ತಿರುಪಿನ ತಗಡಿಗೆ. ನಮ್ಮಲ್ಲಿ ಉಲ್ಟಾ ಕೊಟ್ಟಿದ್ರು, ಸ್ವಿಚ್ ಹಾಕಿ ತಗಡಿಗೆ ಟೆಸ್ಟರ್ ಇಟ್ಟಾಗ ಕೆಂಪು ಹೊತ್ತಿತು. ಬಲ್ಬು ಅರ್ಧ ತಿರುಗಿಸುವಾಗ ಕೈ ತಾಗುದು ಆ ತಗಡಿನ ಭಾಗಕ್ಕೇ, ಮಕ್ಕಳಿರುವ ಮನೆ, ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಮರುದಿನ ಬೇರೆ ಲೈನ್‌ಮ್ಯಾನನ್ನು ಕರೆಸಿ ಎರಡು ವಯರು ಅದಲುಬದಲು ಮಾಡ್ಸಿದೆ. ಪಿನ್ ಹೋಲ್ಡರಲ್ಲಿ ಈ ತಾಪತ್ರಯ ಇಲ್ಲ, ಕರೆಂಟಿನ ಎರಡೂ ತುದಿ ಒಳಗೇ ಇರ್ತದೆ.

ಅಮೇರಿಕದ ಬಲ್ಬು ಯಾರಾದ್ರು ಕೊಟ್ರೆ ಹಾಕ್ಬೇಡಿ. ಅದು ಇ26, ಒಂದೇ ಮಿಲಿಮೀಟರ್ ವ್ಯತ್ಯಾಸ, ನಮ್ಮ ಹೋಲ್ಡರಿಗೆ ಕೂತ್ಕೊಳ್ತದೆ, ಆದ್ರೆ ಅಲ್ಲಿಯದು 120 ವೋಲ್ಟು ನಮ್ಮದು 230, ಹಳೆ ತಂತಿ ಬಲ್ಬಾದ್ರೆ ಹಾಕಿದ ಕೂಡ್ಲೆ ಹೋಗ್ತದೆ.

ಇ14 ನಾನಾಗಿ ದುಡ್ಡು ಕೊಟ್ಟು ತರುದಿಲ್ಲ. ಬೆಳಕು ಚಂದ, ಆದ್ರೆ ಪೇಟೆಯ ಅಂಗಡಿಯಲ್ಲಿ ಕೇಳಿದ್ರೆ ಇ27 ತೆಗೆದು ಕೊಡ್ತಾರೆ, ಕಾಸರಗೋಡಿಗೇ ಹೋಗ್ಬೇಕು. ಚಾವಡಿಯಲ್ಲಿ ಐದ್ರಲ್ಲಿ ಈಗ ಉರಿಯುದು ಮೂರೇ, ಭಾವನಿಗೆ ಬರುವಾಗ ಅರ್ಧ ಡಜನ್ ತರ್ಲಿಕ್ಕೆ ಹೇಳಿದ್ದೇನೆ.