ಹಳೇ ಯೆಜ್ಡಿಗೆ ಸ್ಪಾರ್ಕ್ ಟೆಸ್ಟರ್: ವರ್ಷಗಟ್ಟಲೆ ಬಳಸಿದ ಮೇಲೆ

ಇಂಜಿನ್ನಿಗೆ ಬರುವ ಕಿಡಿ ಎಷ್ಟು ಜೋರಾಗಿದೆ ಅಂತ ನೋಡುವ, ಕಿಡಿ ಹಾರುವ ಗ್ಯಾಪ್ ಹೆಚ್ಚು ಕಡಿಮೆ ಮಾಡಬಹುದಾದ ಸ್ಪಾರ್ಕ್ ಟೆಸ್ಟರ್ ಇದು. ನನ್ನ ಯೆಜ್ಡಿ ರೋಡ್‌ಕಿಂಗ್‌ಗೆ ಅಂತಲೇ ತಗೊಂಡೆ. ಈ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಈ ಗಾಡಿ ಇಟ್ಟುಕೊಂಡವರ ಹತ್ತಿರ ಇಂಥದ್ದೊಂದು ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಜಿನ್ನಿನ ಹೆಡ್‌ಗೆ ತಾಗಿಸಿ, ಕಿಕ್ ಹೊಡೆದು ನೋಡುತ್ತಾರೆ. ಕಿಡಿ ಕಂಡರೆ 'ಕರೆಂಟ್ ಬರ್ತಿದೆ' ಅಂತ ಕಾರ್ಬ್ಯುರೇಟರ್ ಬಿಚ್ಚಲು ಕೂರುತ್ತಾರೆ. ಆದರೆ ಪ್ಲಗ್ ಗ್ಯಾಪ್ ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು. ಹೊರಗಿನ ಗಾಳಿಯಲ್ಲಿ ಅಷ್ಟನ್ನು ಸೋತ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಸುರುಳಿ) ಕೂಡ ದಾಟಿಸುತ್ತದೆ. ಸಿಲಿಂಡರ್ ಒಳಗಿನ ಕಂಪ್ರೆಷನ್‌ನಲ್ಲಿ ಅದೇ ಕಿಡಿ ಹಾರುವುದಿಲ್ಲ. ಪ್ಲಗ್ಗಿನ ವೈರಿಗೆ ಟೆಸ್ಟರ್ ಸಿಕ್ಕಿಸಿ, ಗ್ಯಾಪ್ 5 ಮಿ.ಮೀ.ಗೆ ಇಟ್ಟು ನೋಡಿದರೆ ನಿಜ ಗೊತ್ತಾಗುತ್ತದೆ.

ನನ್ನ ಗಾಡಿಯಲ್ಲಿ ಪ್ಲಗ್ ಚೆನ್ನಾಗಿಯೇ ಕಿಡಿ ಕೊಡುತ್ತಿತ್ತು. ಟೆಸ್ಟರ್‌ನಲ್ಲಿ 2 ಮಿ.ಮೀ.ಗೆ ಸಣ್ಣ ಕೆಂಚು ಕಿಡಿ, 5ಕ್ಕೆ ಏನೂ ಇಲ್ಲ. ಇಂಜಿನ್ನಿನ ಬಲಗಡೆ ಕವರ್ ತೆಗೆದು ಮೆಲ್ಲಗೆ ಕಿಕ್ ಒತ್ತಿದರೆ, ಪಾಯಿಂಟ್ (ಕಾಯಿಲ್ಲಿನ ಕರೆಂಟ್ ಕೊಟ್ಟು ಕಡಿಯುವ ಪುಟ್ಟ ಸ್ವಿಚ್) ಬಿಡಿಸಿಕೊಂಡಾಗಲೆಲ್ಲ ಅಲ್ಲೇ ಫಳ್ ಅಂತ ದೊಡ್ಡ ಕಿಡಿ. ಪಾಯಿಂಟ್‌ನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಉಬ್ಬು. ಅಂದರೆ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿತ್ತು. ಅದನ್ನು ಬದಲಿಸಿ, ಪಾಯಿಂಟ್ ಉಜ್ಜಿ, ಗ್ಯಾಪ್ ಅಳೆಯುವ ತೆಳು ಪಟ್ಟಿ ಅಂದರೆ ಫೀಲರ್ ಗೇಜ್‌ನಲ್ಲಿ 0.4 ಮಿ.ಮೀ. ಗ್ಯಾಪ್ ಇಟ್ಟೆ. ಆಮೇಲೆ 5 ಮಿ.ಮೀ.ಯನ್ನು ನೀಲಿ ಕಿಡಿ ಚಟ್ ಚಟ್ ಅಂತ ದಾಟಿತು. ಆ ಸದ್ದು ಕೇಳಿದಾಗ ಆದ ಖುಷಿ ಹೇಳತೀರದು!

ಕಿಡಿ ಯಾಕೆ ಇಲ್ಲ ಅನ್ನುವುದನ್ನು ಮಾತ್ರ ಟೆಸ್ಟರ್ ಹೇಳಲ್ಲ. ಅದಕ್ಕೆ 6 ವೋಲ್ಟ್ ಬಲ್ಬ್ ಒಂದು ಸಾಕು. ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ತಂತಿಗೂ ಬಾಡಿಗೂ ನಡುವೆ ಬಲ್ಬ್ ಕೊಡಿ. ಕೀ ಹಾಕಿ ಕಿಕ್ ಒತ್ತಿ. ಹತ್ತಿ ಆರಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ. ಹತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಕೊಳೆ ಕೂತಿದೆ. ಹತ್ತಲೇ ಇಲ್ಲವಾದರೆ ಕಾಯಿಲ್‌ಗೆ ಕರೆಂಟ್ ಬರುತ್ತಿಲ್ಲ, ಅಥವಾ ಪಾಯಿಂಟ್ ಕಡೆ ಎಲ್ಲೋ ಅರ್ತ್ ಆಗಿದೆ. ಬ್ಯಾಟರಿ ಮೊದಲೇ ನೋಡಿ. ಇದು ಬ್ಯಾಟರಿಯಿಂದ ನಡೆಯುವ ಇಗ್ನಿಷನ್ ಅಲ್ವಾ, ಬ್ಯಾಟರಿ ಡೌನ್ ಆದರೆ ಕಿಡಿಯೂ ಇಲ್ಲ.

ಕೊರತೆಗಳೂ ಇವೆ. ಬಿಸಿಲಲ್ಲಿ ಕಿಡಿ ಕಾಣಲ್ಲ. ಟೆಸ್ಟರನ್ನು ಬಾಡಿಗೆ ಸಿಕ್ಕಿಸುವ ಕ್ಲಿಪ್ಪಿನ ಸ್ಪ್ರಿಂಗ್ ಈಗ ಸಡಿಲ. ಪೇಂಟ್ ಮೇಲೆ ಸಿಕ್ಕಿಸಿದರೆ ಅರ್ತ್ ಸಿಗಲ್ಲ, ಬರೀ ಲೋಹಕ್ಕೇ ಹಾಕಬೇಕು. ಪರೀಕ್ಷೆ ಮಾಡುವಾಗ ಹೆಡ್‌ನ ತೂತಿಗೆ ಹಳೇ ಪ್ಲಗ್ ಹಾಕಿಡಿ, ಪೆಟ್ರೋಲ್ ಆವಿಗೆ ಕಿಡಿ ತಗುಲಬಾರದು. ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸಿಕೊಂಡವರು ಟೆಸ್ಟರ್ ಬಳಸಬಹುದು, ಬಲ್ಬ್ ಪರೀಕ್ಷೆ ಅವರ ಗಾಡಿಗಲ್ಲ.