ಟ್ಯಾಲಿಪ್ರೈಮ್‌ನ ಲಾಭ-ಹಾನಿ ಪತ್ರಕ: ಬ್ಯಾಡಗಿ ಮೆಣಸಿನಕಾಯಿ ಅಂಗಡಿಯವರು ಎಷ್ಟು ನಂಬಬಹುದು?

ಬ್ಯಾಡಗಿ ಪೇಟೆಯಲ್ಲಿ, ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಎಷ್ಟೋ ಅಂಗಡಿಗಳಲ್ಲಿ ಕಿರ್ದಿ ಪುಸ್ತಕದ ಜಾಗಕ್ಕೆ ಟ್ಯಾಲಿ ಬಂದು ಕೂತಿದೆ. ಲೆಕ್ಕ ಬರೆಯುವ ಈ ಸಾಫ್ಟ್‌ವೇರ್ ಬೆಂಗಳೂರಿನ ಕಂಪನಿಯದೇ. ಈಗಿನ ಟ್ಯಾಲಿಪ್ರೈಮ್ ಬಂದದ್ದು 2020ರಲ್ಲಿ. ಎಂಟ್ರಿ ಹೊಡೆಯುವುದು ಗುಮಾಸ್ತರಿಗೆ ನೀರು ಕುಡಿದಷ್ಟು ಸಲೀಸು. ಆದರೆ ‘ಪ್ರಾಫಿಟ್ ಅಂಡ್ ಲಾಸ್’ ತೆರೆದಾಗ ಮಾಲೀಕರ ಕಣ್ಣು ಹೋಗುವುದು ಕೆಳಗಿನ ನೆಟ್ ಪ್ರಾಫಿಟ್ (ಎಲ್ಲ ಖರ್ಚು ಕಳೆದ ನಿವ್ವಳ ಲಾಭ) ಸಾಲಿಗೆ ಮಾತ್ರ. ಮೊದಲು ನೋಡಬೇಕಾದದ್ದು ನಡುವಿನ ಗ್ರಾಸ್ ಪ್ರಾಫಿಟ್ (ಮಾರಾಟದಿಂದ ಮಾಲಿನ ವೆಚ್ಚ ಮಾತ್ರ ಕಳೆದ ಲಾಭ), ಅದಕ್ಕೂ ಮೊದಲು ಕ್ಲೋಸಿಂಗ್ ಸ್ಟಾಕ್, ಅಂದರೆ ಉಳಿದ ಮಾಲು.

ಒಂದು ಲೆಕ್ಕ ಹಿಡಿಯೋಣ. ಆರಂಭದ ಮಾಲು 4,00,000 ರೂಪಾಯಿ, ಖರೀದಿ 22,00,000, ಹಮಾಲಿ ಮತ್ತು ಲಾರಿ ಬಾಡಿಗೆ 60,000, ಮಾರಾಟ 25,00,000, ಉಳಿದ ಮಾಲು 5,10,000. ಗ್ರಾಸ್ ಪ್ರಾಫಿಟ್ 3,50,000, ಮಾರಾಟದ ಶೇ. 14. ಅಂಗಡಿ ಬಾಡಿಗೆ, ಸಂಬಳ, ಬಡ್ಡಿ ಎಲ್ಲ ಸೇರಿ 1,90,000 ಹೋದರೆ ನೆಟ್ 1,60,000. ಇದೇ ಲೆಕ್ಕದಲ್ಲಿ ಉಳಿದ ಮಾಲು ಹಾಕುವುದನ್ನು ಮರೆತರೆ ಪತ್ರಕ 3,50,000 ನಷ್ಟ ತೋರಿಸುತ್ತದೆ. ವ್ಯಾಪಾರ ಕೆಟ್ಟಿಲ್ಲ, ಒಂದು ಸಾಲು ಖಾಲಿ ಇದೆ, ಅಷ್ಟೇ.

ಹೀಗಾಗುವುದಕ್ಕೆ ಕಾರಣ ಎಫ್ 11 ಕೀ ಒತ್ತಿದಾಗ ಬರುವ ಆಯ್ಕೆಗಳಲ್ಲಿರುವ ‘ಇಂಟಿಗ್ರೇಟ್ ಅಕೌಂಟ್ಸ್ ವಿತ್ ಇನ್ವೆಂಟರಿ’. ಅದು ‘ಎಸ್’ ಇದ್ದರೆ ಉಳಿದ ಮಾಲಿನ ಬೆಲೆಯನ್ನು ಟ್ಯಾಲಿಯೇ ಕಟ್ಟುತ್ತದೆ. ‘ನೋ’ ಇದ್ದರೆ ಸ್ಟಾಕ್-ಇನ್-ಹ್ಯಾಂಡ್ ಗುಂಪಿನಲ್ಲಿ ಲೆಡ್ಜರ್ (ಖಾತೆ) ಮಾಡಿ, ಅದನ್ನು ಆಲ್ಟರ್‌ನಲ್ಲಿ ತೆರೆದು, ಪ್ರತಿ ತಿಂಗಳ ಕೊನೆಯ ತಾರೀಖು ಮತ್ತು ಮೊತ್ತವನ್ನು ಕೈಯಾರೆ ಬರೆಯಬೇಕು. ಮಾರ್ಚ್ 31ರದ್ದು ಮಾತ್ರ ಬರೆದಿಟ್ಟು ಜುಲೈ ಪತ್ರಕ ತೆಗೆದರೆ ಅದರಲ್ಲಿ ಹುರುಳಿರುವುದಿಲ್ಲ.

‘ಎಸ್’ ಇದ್ದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಮೆಣಸಿನಕಾಯಿ ಒಣಗುತ್ತ ತೂಕ ಕಳೆದುಕೊಳ್ಳುವ ಮಾಲು. ಪುಸ್ತಕದಲ್ಲಿ 34 ಕ್ವಿಂಟಲ್, ಕಾಟಾದ ಮೇಲೆ 33. ಸರಾಸರಿ ದರ ಕ್ವಿಂಟಲಿಗೆ 15,000 ಆಗಿದ್ದರೆ ಕಳೆದ ಒಂದು ಕ್ವಿಂಟಲಿನ ಅಷ್ಟೂ ಹಣ ಇಲ್ಲದ ಲಾಭವಾಗಿ ಪತ್ರಕದಲ್ಲಿ ಕೂತಿರುತ್ತದೆ. ತಿಂಗಳಿಗೊಮ್ಮೆ ತೂಕ ಮಾಡಿ ‘ಫಿಸಿಕಲ್ ಸ್ಟಾಕ್’ ವೋಚರ್‌ನಲ್ಲಿ ನಿಜವಾದ ತೂಕ ಹಾಕಿದರೆ ಉಳಿದ ಮಾಲೂ ಲಾಭವೂ ಒಟ್ಟಿಗೇ ಸರಿಯಾಗುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ತಳಿಗಳಾದ ಡಬ್ಬಿ, ಕಡ್ಡಿ ಎರಡಕ್ಕೂ ಒಂದೇ ಸ್ಟಾಕ್ ಐಟಂ ಮಾಡಿಕೊಳ್ಳುವುದು ಇನ್ನೊಂದು ತಪ್ಪು. ಎರಡರ ದರ ಬೇರೆ ಬೇರೆ. ಒಂದೇ ಐಟಂನಲ್ಲಿ ಸರಾಸರಿ ತೆಗೆದರೆ ಯಾವುದರಲ್ಲಿ ಎಷ್ಟು ಉಳಿಯಿತು ಎಂಬುದು ತಿಳಿಯುವುದೇ ಇಲ್ಲ.

ಗುಂಪುಗಳ ವಿಷಯ. ಟ್ಯಾಲಿಯಲ್ಲಿ ಮೊದಲೇ ಇರುವ 28 ಗುಂಪುಗಳಲ್ಲಿ 15 ಮೂಲ ಗುಂಪುಗಳು, ಅವುಗಳಲ್ಲಿ ಲಾಭ-ಹಾನಿಗೆ ಸೇರುವುದು ಆರು. ಉಳಿದವು ಅಢಾವೆ ಪತ್ರಿಕೆಗೆ (ಬ್ಯಾಲೆನ್ಸ್ ಶೀಟ್) ಹೋಗುತ್ತವೆ. ಮಾಲು ಅಂಗಡಿಗೆ ಮುಟ್ಟುವವರೆಗಿನ ಹಮಾಲಿ, ಲಾರಿ ಬಾಡಿಗೆ, ತೊಟ್ಟು ಬಿಡಿಸುವ ಕೂಲಿ ಡೈರೆಕ್ಟ್ ಎಕ್ಸ್‌ಪೆನ್ಸಸ್‌ಗೆ. ಸಂಬಳ, ಕರೆಂಟು ಇನ್‌ಡೈರೆಕ್ಟ್‌ಗೆ. ಮೇಲಿನ ಲೆಕ್ಕದ 60,000ದಲ್ಲಿ 40,000 ಲಾರಿ ಬಾಡಿಗೆ ತಪ್ಪಿ ಇನ್‌ಡೈರೆಕ್ಟ್‌ಗೆ ಹೋದರೆ ನೆಟ್ ಬದಲಾಗದು, ಆದರೆ ಗ್ರಾಸ್ ಶೇ. 14ರಿಂದ 15.6ಕ್ಕೆ ಏರುತ್ತದೆ. ಆ ಶೇಕಡಾ ನೋಡಿ ದರ ಬಿಟ್ಟು ಮಾರಿದವರಿಗೆ ಪೆಟ್ಟು. ಮನೆ ಖರ್ಚಿಗೆ ತೆಗೆದದ್ದು ಕ್ಯಾಪಿಟಲ್‌ನಡಿ ಹೋಗಬೇಕು. ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಇನ್‌ಪುಟ್ ಕ್ರೆಡಿಟ್ ಸಿಗುವ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಜಿಎಸ್‌ಟಿಯನ್ನು ಖರೀದಿಗೆ ಸೇರಿಸಬಾರದು.

ರೈತರ ಮಾಲನ್ನು ಕಮಿಷನ್‌ಗೆ ಮಾರಿಕೊಡುವ ಅಡತಿ ಅಂಗಡಿಯವರು ಇಲ್ಲೇ ಹೆಚ್ಚು ಎಡವುತ್ತಾರೆ. ರೈತರ ಮಾಲಿನ ಪೂರ್ತಿ ಬೆಲೆಯನ್ನು ಸೇಲ್ಸ್‌ಗೆ ಹಾಕಿದರೆ ವಹಿವಾಟು ಕೋಟಿಗಟ್ಟಲೆ ಉಬ್ಬಿ, ಲಾಭದ ಶೇಕಡಾ ಚೂರಾಗಿ ಕಾಣುತ್ತದೆ. ಕಚ್ಚಾ ಅಡತಿಯಲ್ಲಿ, ಅಂದರೆ ರೈತರ ಪರವಾಗಿ ಮಾತ್ರ ಮಾರುವಾಗ, ಅಂಗಡಿಯ ಆದಾಯ ಕಮಿಷನ್ ಮಾತ್ರ. ಉಳಿದದ್ದು ರೈತರಿಗೆ ಕೊಡಬೇಕಾದ ಬಾಕಿ. ತೆರಿಗೆ ಆಡಿಟ್‌ನ ಮಿತಿ ನೋಡುವಾಗ ಕಮಿಷನ್ನೇ ಅವರ ವಹಿವಾಟು ಎಂದು ಕೇಂದ್ರ ನೇರ ತೆರಿಗೆ ಮಂಡಳಿಯ 1986ರ 452ನೇ ನಂಬರಿನ ಸುತ್ತೋಲೆಯೂ ಹೇಳಿದೆ.

ಪತ್ರಕದ ಮೆಚ್ಚಬೇಕಾದ ಗುಣ ಅದರ ಆಳ. ಯಾವುದೇ ಸಾಲಿನ ಮೇಲೆ ಎಂಟರ್ ಒತ್ತಿದರೆ ಗುಂಪು, ಲೆಡ್ಜರ್, ತಿಂಗಳು, ಕೊನೆಗೆ ಆ ವೋಚರ್‌ವರೆಗೂ ಇಳಿಯಬಹುದು. ತಪ್ಪನ್ನು ಅಲ್ಲೇ ತಿದ್ದಬಹುದು. ಆಲ್ಟ್ ಮತ್ತು ಎನ್ ಒತ್ತಿ ‘ಮಂತ್ಲಿ’ ಆರಿಸಿದರೆ ಹನ್ನೆರಡು ತಿಂಗಳು ಪಕ್ಕಪಕ್ಕ ನಿಲ್ಲುತ್ತವೆ. ಎಫ್ 12ರಲ್ಲಿ ಶೇಕಡಾ ತೋರಿಸುವ ಆಯ್ಕೆ ಹಾಕಿಕೊಂಡರೆ ಗ್ರಾಸ್ ಯಾವ ತಿಂಗಳಲ್ಲಿ ಕುಸಿಯಿತೆಂದು ಕೂಡಲೇ ಗೊತ್ತಾಗುತ್ತದೆ. ಪತ್ರಕ ತೆರೆದುಕೊಳ್ಳುವುದು ಕೊನೆಯ ಎಂಟ್ರಿಯ ತಾರೀಖಿನವರೆಗೆ ಮಾತ್ರ, ಆದ್ದರಿಂದ ಮೇಲಿನ ಅವಧಿಯನ್ನು ಎಫ್ 2 ಒತ್ತಿ ಸರಿಮಾಡಿಕೊಂಡೇ ಓದಬೇಕು.

ಕೊರತೆಯೂ ಇದೆ. ಲೆಡ್ಜರ್ ತಪ್ಪು ಗುಂಪಿಗೆ ಹೋದರೆ ಇದು ಎಚ್ಚರಿಸುವುದಿಲ್ಲ. ಸವಕಳಿಯನ್ನು ತಾನಾಗಿ ಕಳೆಯುವುದಿಲ್ಲ. ಅದಕ್ಕೆ ಜರ್ನಲ್ ಎಂಟ್ರಿ ಹಾಕುವವರೆಗೆ ಲಾಭ ಅಷ್ಟರಮಟ್ಟಿಗೆ ಹೆಚ್ಚೇ ಕಾಣುತ್ತದೆ. ಮಾಲಿನ ಮೇಲೆ ಬ್ಯಾಂಕಿನ ಓವರ್‌ಡ್ರಾಫ್ಟ್ ಇರುವವರು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವ ಮುನ್ನ ಅದರ ಮೊತ್ತವನ್ನು ಅದೇ ತಾರೀಖಿನ ಕ್ಲೋಸಿಂಗ್ ಸ್ಟಾಕ್ ಸಾಲಿಗೆ ತಾಳೆ ನೋಡಿ ಕೊಡಿ. ಎರಡೂ ಬೇರೆಯಾಗಿದ್ದರೆ ಬ್ಯಾಂಕಿನವರಿಗೂ ಉತ್ತರ ಹೇಳಬೇಕು, ವರ್ಷದ ಕೊನೆಗೆ ಆಡಿಟರಿಗೂ ಹೇಳಬೇಕು.